ನಾಲ್ಕೂವರೆ ಅಡಿ ಗೋಡೆ

2011ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಸೈಬರ್ ಕೆಫೆಗಳಿಗೆ ಅಂತಲೇ ಒಂದು ನಿಯಮ ತಂದಿತು. ಕ್ಯಾಬಿನ್ನಿನ ಗೋಡೆ ನೆಲದಿಂದ ನಾಲ್ಕೂವರೆ ಅಡಿಗಿಂತ ಎತ್ತರ ಇರಬಾರದು. ಬಂದವರ ಗುರುತಿನ ಚೀಟಿ ನೋಡಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು. ಚೀಟಿ ಇಲ್ಲದ ಮಕ್ಕಳು ಬಂದರೆ ಜೊತೆಗೆ ದೊಡ್ಡವರು ಇರಬೇಕು. ಅಶ್ಲೀಲ ಸೈಟ್ ನೋಡಬಾರದು ಎಂದು ಎಲ್ಲರಿಗೂ ಕಾಣುವ ಹಾಗೆ ಬೋರ್ಡ್ ಹಾಕಬೇಕು.

ಆಗ ಉಡುಪಿಯಲ್ಲಿ ನನ್ನದೊಂದು ಸೈಬರ್ ಇತ್ತು. ಆಚಾರಿಯನ್ನು ಕರೆಸಿ ಪ್ಲೈವುಡ್ ಕತ್ತರಿಸಿದೆ. ಅಳತೆ ಯಾಕೆ ಇಷ್ಟೇ ಅಂತ ಅವರು ಕೇಳಿದರು. ಸರ್ಕಾರ ಹೇಳಿದೆ ಅಂದೆ. ಕೂತವನ ತಲೆ ಕಾಣಬೇಕು, ಅಷ್ಟೇ ಅಲ್ವಾ ಎಂದು ಅವರೇ ಅರ್ಥ ಮಾಡಿಕೊಂಡು ಗರಗಸ ಹಿಡಿದರು.

ಆ ಸೈಬರಿನಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತಿತ್ತು ಎಂದು ನಾನು ಹೇಳುವುದಿಲ್ಲ. ಸೈಬರ್ ನಡೆಸಿದ ಯಾರೂ ಹೇಳಲಾರರು. ಕಾಲೇಜು ಬಿಟ್ಟ ಮೇಲೆ ಮೂರ್ನಾಲ್ಕು ಹುಡುಗರು ಒಂದೇ ಕಂಪ್ಯೂಟರಿನ ಮುಂದೆ ಒತ್ತಿಕೊಂಡು ಕೂತರೆ, ಅವರು ರಿಸಲ್ಟ್ ನೋಡುತ್ತಿಲ್ಲ ಅಂತ ಗೊತ್ತೇ ಇರುತ್ತಿತ್ತು. ನಾನು ಎದ್ದು ಆ ಕಡೆ ನಡೆದರೆ ಮೌಸಿನ ಸದ್ದು ಜೋರಾಗುತ್ತಿತ್ತು. ಹಿಂದೆ ಹೋಗಿ ನಿಲ್ಲುವಾಗ ಪರದೆಯ ಮೇಲೆ ವಿಂಡೋಸ್ ಎಕ್ಸ್‌ಪಿಯ ಹಸಿರು ಗುಡ್ಡ ಮತ್ತು ನೀಲಿ ಆಕಾಶ ಮಾತ್ರ. ನಾಲ್ಕು ಜನ ಗಂಭೀರವಾಗಿ ಆ ಗುಡ್ಡವನ್ನು ನೋಡುತ್ತಾ ಕೂತಿರುತ್ತಿದ್ದರು.

ಪೇಟೆಯಲ್ಲಿ ಬೇರೆ ದಾರಿಗಳೂ ಇದ್ದವು. ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿ ಕೊಡುವವರು, ಕೇಳಿದವರಿಗೆ ಬೇರೆಯದ್ದನ್ನೂ ತುಂಬಿಸುತ್ತಿದ್ದರು. ಆದರೆ ಅದಕ್ಕೂ ಒಬ್ಬ ಮನುಷ್ಯನ ಮುಖ ನೋಡಿ ಬಾಯಿ ಬಿಡಬೇಕಿತ್ತು. ನನ್ನ ಸೈಬರಿಗೆ ಬರಬೇಕಾದರೆ ಗಂಟೆಗೆ 20 ರೂಪಾಯಿ ಬೇಕಿತ್ತು. ನಾನು ಅವನ ಅಪ್ಪನಿಗೆ ಗೊತ್ತಿರುವವನು ಎಂಬ ಹೆದರಿಕೆ ಬೇರೆ. ಆ ಕಾಲ ಒಳ್ಳೆಯದಿತ್ತು ಎಂದಲ್ಲ ಮಾರಾಯ್ರೆ. ಹುಡುಗ ಮತ್ತು ಆ ಪರದೆಯ ನಡುವೆ ಯಾರೋ ಒಬ್ಬರು ಇರುತ್ತಿದ್ದರು, ಅಷ್ಟೇ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಮೊದಲು ಪುಕ್ಕಟೆ, ಆಮೇಲೂ ಅಗ್ಗ. ನನ್ನ ಸೈಬರ್ ಆಮೇಲೆ ಹೆಚ್ಚು ಕಾಲ ಬಾಳಲಿಲ್ಲ. ಕ್ಯಾಬಿನ್ ತೆಗೆಸಿ ಝೆರಾಕ್ಸ್ ಮೆಷಿನ್ ಇಟ್ಟೆ. ಈಗ ಸ್ಕಾಲರ್‌ಶಿಪ್ ಅರ್ಜಿ, ಸಿಇಟಿ ಅರ್ಜಿ, ಪಹಣಿ, ಆಧಾರ್ ಪ್ರಿಂಟ್. ಬರುವವರು ಅದೇ ವಯಸ್ಸಿನ ಮಕ್ಕಳು. ಕಂಪ್ಯೂಟರ್ ಮಾತ್ರ ಅವರ ಕಿಸೆಯಲ್ಲಿದೆ. ಅದಕ್ಕೆ ಗೋಡೆಯೂ ಇಲ್ಲ, ರಿಜಿಸ್ಟರೂ ಇಲ್ಲ.

ಸರ್ಕಾರ ಸುಮ್ಮನೆ ಕೂತಿತ್ತು ಅಂತಲೂ ಅಲ್ಲ. 2015ರಲ್ಲಿ 857 ಅಶ್ಲೀಲ ಸೈಟುಗಳನ್ನು ನಿಲ್ಲಿಸಲು ಹೇಳಿತು, ಗಲಾಟೆ ಆದಾಗ ಕೆಲವೇ ದಿನಗಳಲ್ಲಿ ಸಡಿಲಿಸಿತು. 2018ರಲ್ಲಿ ಉತ್ತರಾಖಂಡ ಹೈಕೋರ್ಟಿನ ಆದೇಶದ ಮೇಲೆ 827 ಸೈಟು ನಿಲ್ಲಿಸಿದರು. ತಡೆದ ಸೈಟಿಗೂ ದಾರಿ ಮಾಡಿಕೊಡುವ ವಿಪಿಎನ್ ಎನ್ನುವ ಪದವನ್ನು ಹುಡುಗರು ಕಲಿತದ್ದು ಬಹುಶಃ ಆಗಲೇ. ಆಮೇಲೆ ಕೊರೊನಾ ಬಂತು. ಶಾಲೆಯವರೇ ಮಕ್ಕಳ ಕೈಗೆ ಫೋನ್ ಕೊಡಿ ಎಂದರು. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು, ಜುಲೈಯಲ್ಲೇ ಇನ್‌ಸ್ಟಾಗ್ರಾಮ್ ರೀಲ್ಸ್ ಶುರು ಮಾಡಿತು, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು. ಹುಡುಕಿಕೊಂಡು ಹೋಗುವ ಕಾಲ ಅಲ್ಲಿಗೆ ಮುಗಿಯಿತು. ಈಗ ಅದೇ ನಮ್ಮನ್ನು ಹುಡುಕಿಕೊಂಡು ಬರುತ್ತದೆ.

ಅಕ್ಕನ ಮಗ ಪಿಯುಸಿಯಲ್ಲಿದ್ದಾನೆ. ರಜೆಯಲ್ಲಿ ಅಂಗಡಿಗೆ ಬಂದು ಕೂರುತ್ತಾನೆ. ಒಂದು ದಿನ ಅವನ ಫೋನಿನಲ್ಲಿ ಏನೋ ಕಾಣಿಸಿತು, ನಾನು ನೋಡಿದ್ದು ಅವನಿಗೂ ಗೊತ್ತಾಯಿತು. "ಮಾವ, ನಾನು ಎಂತದ್ದೂ ಹುಡುಕ್ಲಿಲ್ಲ. ಅದೇ ಬರ್ತದೆ" ಅಂದ. ಸುಳ್ಳು ಅನಿಸಲಿಲ್ಲ. ಹಾಗಾದರೆ ಹೇಗೆ ಬರುತ್ತದೆ ನೋಡುವ ಅಂತ ಇಬ್ಬರೂ ಒಟ್ಟಿಗೆ ಕೂತೆವು.

ಮೊದಲು ಯಕ್ಷಗಾನದ ಒಂದು ತುಣುಕು, ಚೆಂಡೆಯ ಅಬ್ಬರದ ಜಾಗ. ಆಮೇಲೆ ಕ್ರಿಕೆಟ್. ಆಮೇಲೆ ತುಳು ನಾಟಕದ ಒಂದು ಡಬಲ್ ಮೀನಿಂಗ್ ಡೈಲಾಗು, ಅದಕ್ಕೆ ಹಿಂದಿನಿಂದ ನಗು ಸೇರಿಸಿದ್ದರು. ಜಿಮ್ಮಿನ ಹುಡುಗ. ಮಲ್ಪೆ ಬೀಚಿನ ಸೂರ್ಯಾಸ್ತ. ಮಳೆಯಲ್ಲಿ ಸೀರೆ ಉಟ್ಟ ಹೆಂಗಸು, ನಿಧಾನಕ್ಕೆ ತಿರುಗುತ್ತಾಳೆ. ಅಲ್ಲಿ ಅವನ ಬೆರಳು ಒಂದು ಕ್ಷಣ ನಿಂತಿತು, ನಾನು ಪಕ್ಕದಲ್ಲಿದ್ದೇನೆ ಎಂದು ನೆನಪಾಗಿ ಸರಕ್ಕನೆ ಮೇಲೆ ಹೋಯಿತು. ಮತ್ತೆ ನಾಲ್ಕೈದು ವಿಡಿಯೋ ಸುಮ್ನೆ ಹಾಗೇ. ಆಮೇಲೆ ಇನ್ನೊಂದು ಸೀರೆ. ಈ ಸಲ ಕ್ಯಾಮೆರಾ ಇನ್ನೂ ಹತ್ತಿರ.

ಇಲ್ಲಿ ನಡೆಯುವುದು ಇಷ್ಟೇ. ನೀವು ಲೈಕ್ ಒತ್ತಬೇಕೆಂದೇನೂ ಇಲ್ಲ. ಎಷ್ಟು ಹೊತ್ತು ನೋಡಿದಿರಿ, ಎರಡನೇ ಸಲ ನೋಡಿದಿರಾ, ಕಾಮೆಂಟ್ ತೆರೆದಿರಾ, ಯಾರಿಗಾದರೂ ಕಳಿಸಿದಿರಾ, ಎಲ್ಲವೂ ಲೆಕ್ಕಕ್ಕೆ ಹೋಗುತ್ತದೆ. ಬೆರಳು ಆಸೆಯಿಂದ ನಿಂತಿತಾ, ಹೇಸಿಗೆಯಿಂದ ನಿಂತಿತಾ ಎಂದು ಆ ಲೆಕ್ಕ ಕೇಳುವುದಿಲ್ಲ. ಬತ್ತಲೆ ಚಿತ್ರಕ್ಕೆ ಇನ್‌ಸ್ಟಾಗ್ರಾಮಿನಲ್ಲೂ ಯೂಟ್ಯೂಬಿನಲ್ಲೂ ನಿಷೇಧ ಇದೆ. ಹಾಗಾಗಿ ವಿಡಿಯೋ ಮಾಡುವವರು ಗೆರೆಯ ಈಚೆ ಬದಿಯಲ್ಲಿ, ಗೆರೆಗೆ ತಾಗಿಯೇ ನಿಲ್ಲುತ್ತಾರೆ. ಗೆರೆ ದಾಟಿದ್ದು ಬೇಕಾದರೆ ಕಾಮೆಂಟಿನಲ್ಲಿ ದಾರಿ ಇದೆ. "ಫುಲ್ ವಿಡಿಯೋ ಬೇಕಾ, ಬಯೋ ನೋಡಿ" ಅಂತ ಯಾರೋ ಬರೆದಿರುತ್ತಾರೆ. ಬಯೋದಲ್ಲಿ ಟೆಲಿಗ್ರಾಂ ಚಾನೆಲ್ಲಿನ ಲಿಂಕ್. ಅಲ್ಲಿ ಗೆರೆಯೇ ಇಲ್ಲ. "ಅದೇ ಬರ್ತದೆ" ಎಂದು ಅಳಿಯ ಹೇಳಿದ್ದು ನಿಜ. ಒಂದು ಕ್ಷಣ ನಿಂತದ್ದೂ ನಿಜ. ಹದಿನಾರರ ಹುಡುಗನ ಬೆರಳು ಅಲ್ಲಿ ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಬೇಕಾಗುತ್ತಿತ್ತು. ಅದನ್ನು ಹಿಡಿದು ವ್ಯಾಪಾರ ಮಾಡುವವರ ಮೇಲೆ ನನಗೆ ಸಿಟ್ಟು, ಹುಡುಗನ ಮೇಲೆ ಅಲ್ಲ.

ಹುಡುಗಿಯರ ಕತೆ ಬೇರೆ. ಅವರಿಗೆ ನೋಡುವುದಕ್ಕಿಂತ ನೋಡಿಸಿಕೊಳ್ಳುವ ಕಷ್ಟ ಜಾಸ್ತಿ. ಅಂಗಡಿಗೆ ಪ್ರಾಜೆಕ್ಟ್ ಪ್ರಿಂಟಿಗೆ ಬರುವ ಒಬ್ಬಳು ಕಾಲೇಜು ಡೇಯ ಡ್ಯಾನ್ಸಿನ ರೀಲ್ ಹಾಕಿದ್ದಳು. ಗೊತ್ತಿಲ್ಲದ ಗಂಡಸರಿಂದ ಮೆಸೇಜು. ಮೊದಲು ಹಾಯ್, ಆಮೇಲೆ ಕೇಳದೆಯೇ ತಮ್ಮ ಫೋಟೋ. ಯಾವ ಫೋಟೋ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅವಳು ಅಕೌಂಟೇ ತೆಗೆದುಹಾಕಿದಳು. ಮನೆಯಲ್ಲಿ ಹೇಳಿದೆಯಾ ಎಂದು ನನ್ನ ಹೆಂಡತಿ ಕೇಳಿದಳು. "ಹೇಳಿದ್ರೆ ಫೋನ್ ತೆಗೆದಿಡ್ತಾರೆ ಆಂಟಿ, ಮತ್ತೆ ಡ್ಯಾನ್ಸೂ ಬಂದ್" ಅಂದಳು. ಕಳಿಸಿದವನಿಗೆ ಐಟಿ ಕಾಯ್ದೆಯ 67ನೇ ಸೆಕ್ಷನ್ ಉಂಟು. ಶಿಕ್ಷೆ ಆದದ್ದು ಮಾತ್ರ ಅವಳ ಡ್ಯಾನ್ಸಿಗೆ.

ನಮ್ಮ ಕರಾವಳಿಯ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಅಶ್ಲೀಲತೆಯ ವಿಷಯದಲ್ಲಿ ನಮ್ಮಷ್ಟು ಎಚ್ಚರ ಇರುವವರು ಕರ್ನಾಟಕದಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡುಗಿಯರಿಗೆ ಹೊಡೆದರು. 2012ರ ಜುಲೈಯಲ್ಲಿ ಪಡೀಲಿನ ಹೋಮ್‌ಸ್ಟೇಯಲ್ಲಿ ಹುಟ್ಟುಹಬ್ಬ ಮಾಡುತ್ತಿದ್ದ ಹುಡುಗ ಹುಡುಗಿಯರ ಮೇಲೆ ಬಿದ್ದರು. ಎರಡನ್ನೂ ನಾವು ನೋಡಿದ್ದು ಕ್ಯಾಮೆರಾದಲ್ಲಿ. ಓಡುತ್ತಿದ್ದ, ಮುಖ ಮುಚ್ಚಿಕೊಳ್ಳುತ್ತಿದ್ದ ಆ ಮಕ್ಕಳ ವಿಡಿಯೋವನ್ನು ದೇಶವೆಲ್ಲ ಮತ್ತೆ ಮತ್ತೆ ನೋಡಿತು. ಸಂಸ್ಕೃತಿ ಉಳಿಸುವ ಹೆಸರಿನಲ್ಲಿ ತೆಗೆದ ಆ ವಿಡಿಯೋದಷ್ಟು ಅಸಹ್ಯವಾದದ್ದನ್ನು ನಾನು ಸೈಬರಿನಲ್ಲೂ ಕಂಡಿಲ್ಲ.

ಅದೇ 2012ರ ಫೆಬ್ರವರಿಯನ್ನು ನೆನಪು ಮಾಡಿಕೊಳ್ಳಿ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ರೇವ್ ಪಾರ್ಟಿ ಆಯಿತೆಂದು ಊರೆಲ್ಲ ಕೋಲಾಹಲ. ಅದರ ಬೆನ್ನಿಗೇ ವಿಧಾನಸಭೆಯೊಳಗೆ ಸಚಿವರು ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡಿದರು ಎಂದು ಟಿವಿಯಲ್ಲಿ ಬಂತು. ಮೂವರು ಸಚಿವರು ರಾಜೀನಾಮೆ ಕೊಟ್ಟರು. ಅವರಲ್ಲಿ ಒಬ್ಬರ ಸಮಜಾಯಿಷಿ, ರೇವ್ ಪಾರ್ಟಿಯ ಚರ್ಚೆಗೆ ತಯಾರಿ ಮಾಡಿಕೊಳ್ಳುತ್ತಿದ್ದೆ ಎಂದು! ಆ ವಾರ ನನ್ನ ಸೈಬರಿನಲ್ಲಿ ಹುಡುಗರನ್ನು ಗದರಿಸಲು ಹೋದರೆ "ನಾವೂ ಚರ್ಚೆಗೆ ತಯಾರಿ ಅಣ್ಣ" ಎನ್ನುತ್ತಿದ್ದರು. ಏನು ಉತ್ತರ ಕೊಡುವುದು?

ಬೀದಿಯಲ್ಲಿ ಯಾರ ಜೊತೆ ಯಾರು ಐಸ್‌ಕ್ರೀಮ್ ತಿಂದರು ಎಂದು ನೋಡುವವರು ಇಲ್ಲಿ ಬೇಕಾದಷ್ಟಿದ್ದಾರೆ. ಮನೆಯೊಳಗೆ ಮಗ ರಾತ್ರಿ ಒಂದು ಗಂಟೆಗೆ ಏನು ನೋಡುತ್ತಿದ್ದಾನೆ, ಅದರ ಬಗ್ಗೆ ಅವನಿಗೆ ಏನನಿಸುತ್ತದೆ ಎಂದು ಕೇಳುವವರು ಕಡಿಮೆ. ಮಾರ್ಕಿನ ಬಗ್ಗೆ ಬೇಕಾದರೆ ಗಂಟೆಗಟ್ಟಲೆ ಮಾತಾಡುತ್ತೇವೆ. ರಿಸಲ್ಟಿನಲ್ಲಿ ಉಡುಪಿ ಮುಂದಾ, ದಕ್ಷಿಣ ಕನ್ನಡ ಮುಂದಾ ಎಂದು ವರ್ಷ ವರ್ಷವೂ ಪೈಪೋಟಿ ಅಲ್ವಾ. ಅಷ್ಟು ಮಾರ್ಕು ತೆಗೆಯುವ ಮಕ್ಕಳು ಹತ್ತನೇ ಕ್ಲಾಸಿನ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗ "ಇದನ್ನು ನೀವೇ ಓದಿಕೊಳ್ಳಿ" ಎಂದು ಹೇಳಿಸಿಕೊಂಡವರು. ಓದಿಕೊಂಡರು. ಉಳಿದದ್ದನ್ನು ಫೋನ್ ಕಲಿಸಿತು.

ಅದು ಕಲಿಸುವುದೇ ನನಗೆ ಹೆಚ್ಚು ಹೆದರಿಕೆ. ಮೈ ನೋಡುವುದು ಅಷ್ಟು ದೊಡ್ಡ ಮಾತಲ್ಲ. ಒಪ್ಪಿಗೆ ಎನ್ನುವುದೇ ಇಲ್ಲದ ಒಂದು ಲೋಕ ಅದು. ಬೇಡ ಎಂದರೂ ನಡೆಯುತ್ತದೆ, ಕದ್ದು ತೆಗೆದದ್ದಕ್ಕೆ ಬೆಲೆ ಜಾಸ್ತಿ, 'ಲೀಕ್' ಅಂತ ಹೆಸರು ಹಾಕಿದರೆ ನೋಡುವವರು ಇನ್ನೂ ಜಾಸ್ತಿ. 2024ರ ಏಪ್ರಿಲ್‌ನಲ್ಲಿ ಹಾಸನದ ಪೆನ್‌ಡ್ರೈವ್ ಸುದ್ದಿ ಬಂದಾಗ ಇದನ್ನು ಕಣ್ಣಾರೆ ನೋಡಿದೆ. ಲೋಕಸಭಾ ಚುನಾವಣೆಯ ಹೊತ್ತು. ಆ ವಿಡಿಯೋಗಳಲ್ಲಿದ್ದವರು ದೌರ್ಜನ್ಯಕ್ಕೆ ಒಳಗಾದ ಹೆಂಗಸರು. ನನ್ನ ಅಂಗಡಿಗೆ ಬಂದವರು ಕೇಳಿದ್ದು "ನಿಮ್ಮತ್ರ ಉಂಟಾ?" ಅಂತ. ಹುಡುಗರು ಮಾತ್ರ ಕೇಳಿದ್ದಲ್ಲ, ಶರಟಿಗೆ ಇಸ್ತ್ರಿ ಹಾಕಿದ ಹಿರಿಯರೂ ಕೇಳಿದರು. ಇಟ್ಟುಕೊಂಡರೂ ಹಂಚಿದರೂ ಕೇಸು ಎಂದು ತನಿಖಾ ತಂಡದ ಪೊಲೀಸರು ಎಚ್ಚರಿಕೆ ಕೊಡಬೇಕಾಯಿತು. ಮಕ್ಕಳು ಹಾಳಾಗುತ್ತಿದ್ದಾರೆ ಎಂದು ಭಾಷಣ ಮಾಡುವವರು ಆ ತಿಂಗಳು ತಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಏನೇನು ಬಂತು ಎಂದು ನೆನಪು ಮಾಡಿಕೊಂಡರೆ ಒಳ್ಳೆಯದು.

ಈಗ ಒಬ್ಬ ಹುಡುಗನ ವಿಷಯ. ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿ ಬರೆಯುತ್ತಿದ್ದೇನೆ. ಡಿಗ್ರಿ ಓದುವವನು, ಕಾಪು ಕಡೆಯವನು, ಅಪ್ಪ ಮಸ್ಕತ್‌ನಲ್ಲಿ. ಅಂಗಡಿ ಮುಚ್ಚುವ ಹೊತ್ತಿಗೆ ಬಂದು, ಉಳಿದವರೆಲ್ಲ ಹೋಗುವವರೆಗೆ ಸ್ಕೇಲು, ಪೆನ್ನು ಎಲ್ಲ ಮುಟ್ಟಿ ನೋಡುತ್ತಾ ನಿಂತ. ಆಮೇಲೆ ಕೇಳಿದ, "ಅಣ್ಣ, ಇನ್‌ಸ್ಟಾ ಅಕೌಂಟ್ ಡಿಲೀಟ್ ಮಾಡ್ಲಿಕ್ಕೆ ಆಗ್ತದಾ?" ಅದೇನು ಕಷ್ಟ ಅಂದೆ. "ನಂದಲ್ಲ. ನನ್ನ ಫಾಲೋವರ್ಸ್‌ದು. ಎಲ್ಲರದ್ದೂ."

ಕೂರಿಸಿ ಚಾ ತರಿಸಿದೆ. ಒಂದು ಹುಡುಗಿಯ ಹೆಸರಿನಲ್ಲಿ ರಿಕ್ವೆಸ್ಟ್ ಬಂದಿತ್ತು. ಎರಡು ದಿನ ಮಾತು, ಆಮೇಲೆ ವಾಟ್ಸಾಪ್ ನಂಬರ್, ರಾತ್ರಿ ವಿಡಿಯೋ ಕಾಲ್. ಆ ಕಡೆ ಹುಡುಗಿ ಬಟ್ಟೆ ತೆಗೆದಳು, ನೀನೂ ತೆಗೆ ಎಂದಳು. ಒಂದೇ ನಿಮಿಷದ ಕೆಲಸ. ಕಾಲ್ ಕಟ್ಟಾಗಿ ಸ್ವಲ್ಪ ಹೊತ್ತಿಗೆ ಅವನದ್ದೇ ವಿಡಿಯೋ ಅವನಿಗೆ ಬಂತು. ಜೊತೆಗೆ ಅವನ ಫಾಲೋವರ್ಸ್ ಪಟ್ಟಿಯ ಸ್ಕ್ರೀನ್‌ಶಾಟ್. ಮೇಲಿನ ಮೊದಲ ಹೆಸರು ಅವನ ಚಿಕ್ಕಪ್ಪನದ್ದು. ಫೀಸಿಗೆ ಇಟ್ಟ ದುಡ್ಡಿನಿಂದ 3,000 ಕಳಿಸಿದ್ದ. ಮರುದಿನ 8,000 ಕೇಳಿದರು. ಆಮೇಲೆ ಪೊಲೀಸ್ ಯೂನಿಫಾರ್ಮಿನ ಡಿಪಿ ಇದ್ದ ಇನ್ನೊಬ್ಬ ಕಾಲ್ ಮಾಡಿ, ಆ ಹುಡುಗಿ ದಿಲ್ಲಿಯಲ್ಲಿ ಕೇಸ್ ಕೊಟ್ಟಿದ್ದಾಳೆ, ಸೆಟಲ್ ಮಾಡಿಕೋ ಎಂದ.

ಆ ಕಡೆ ಹುಡುಗಿಯೇ ಇರಲಿಲ್ಲ ಎಂದು ಅವನಿಗೆ ಹೇಳಬೇಕಾಯಿತು. ಮೊದಲೇ ರೆಕಾರ್ಡ್ ಮಾಡಿದ ವಿಡಿಯೋವನ್ನು ಫೋನಿನ ಮುಂದೆ ಓಡಿಸುತ್ತಾರೆ, ಇವನ ಮುಖವನ್ನು ಸ್ಕ್ರೀನ್ ರೆಕಾರ್ಡ್ ಮಾಡಿಕೊಳ್ಳುತ್ತಾರೆ. ದಿನಕ್ಕೆ ಎಷ್ಟೋ ಜನರಿಗೆ ಇದೇ ನಾಟಕ. ಅವನು ನನ್ನ ಮುಖ ನೋಡಿದ. ಮೋಸ ಹೋದದ್ದಕ್ಕಿಂತ ಇದು ಅವನಿಗೆ ಹೆಚ್ಚು ಅವಮಾನ ಅನಿಸಿತೋ ಏನೋ.

"ಅಪ್ಪನಿಗೆ ಗೊತ್ತಾದ್ರೆ ನಾನು ಇರುದಿಲ್ಲ" ಎಂದ. ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅಂಥ ಹೊತ್ತಿನಲ್ಲಿ ಹುಡುಗನನ್ನು ಒಬ್ಬನೇ ಬಿಡಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿಗೂ ಫೋನ್ ಮಾಡಬಹುದು. ಮನೆಯಲ್ಲಿ ಯಾರಿಗಾದರೂ ಒಬ್ಬರಿಗೆ ಹೇಳಲೇಬೇಕು, ಯಾರು ಎಂದು ನೀನೇ ಹೇಳು ಅಂದೆ. ತುಂಬ ಹೊತ್ತು ಯೋಚಿಸಿ ಸೋದರಮಾವ ಅಂದ. ನಮ್ಮ ತುಳುನಾಡಿನಲ್ಲಿ ಸೋದರಮಾವನಿಗೆ ಒಂದು ಸ್ಥಾನ ಉಂಟು. ಅಪ್ಪನಿಗೆ ಹೇಳಲಾಗದ್ದು ಮಾವನ ಹತ್ತಿರ ಹೇಳಬಹುದು. ಮಾವ ಮಲ್ಪೆ ಬಂದರಿನಿಂದ ಸ್ಕೂಟರಿನಲ್ಲಿ ಬಂದರು, ಮೈಯಿಂದ ಮೀನಿನ ವಾಸನೆ ಹೋಗಿರಲಿಲ್ಲ. ನಾನೇ ವಿಷಯ ಹೇಳಿದೆ. ಹುಡುಗ ಗೋಡೆ ನೋಡುತ್ತಿದ್ದ. ಮಾವ ಎಲ್ಲ ಕೇಳಿ, ಹೆಲ್ಮೆಟ್ ತೆಗೆದು ಕೌಂಟರಿನ ಮೇಲಿಟ್ಟು ಕೇಳಿದ್ದು ಒಂದೇ. "ಊಟ ಆಗಿದಾ ನಿಂದು?"

ಆಮೇಲಿನ ಕೆಲಸ ಸುಲಭ. ಇನ್ನು ಒಂದು ರೂಪಾಯಿಯೂ ಕಳಿಸುವುದಿಲ್ಲ. ಚಾಟ್ ಅಳಿಸುವುದಿಲ್ಲ. ನಂಬರು, ಯುಪಿಐ ಐಡಿ, ಬೆದರಿಕೆಯ ಮೆಸೇಜು ಎಲ್ಲದರ ಸ್ಕ್ರೀನ್‌ಶಾಟ್ ತೆಗೆದ ಮೇಲೆ ಬ್ಲಾಕ್. ಇನ್‌ಸ್ಟಾ ಪ್ರೈವೇಟ್. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್, ಸೈಬರ್ ಕ್ರೈಮ್ ಪೋರ್ಟಲ್ಲಿನಲ್ಲಿ ದೂರು, ಬೆಳಿಗ್ಗೆ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆ. ಇನ್ನೊಂದು ದಾರಿಯೂ ಉಂಟು, ಹೆಚ್ಚಿನವರಿಗೆ ಗೊತ್ತಿಲ್ಲ. ಸ್ಟಾಪ್ ಎನ್‌ಸಿಐಐ ಎನ್ನುವ ಸೈಟು, 18 ದಾಟಿದವರಿಗೆ. ಹದಿನೆಂಟರ ಒಳಗಿನವರಿಗೆ ಟೇಕ್ ಇಟ್ ಡೌನ್. ನಿಮ್ಮ ಚಿತ್ರ ಫೋನಿನಿಂದ ಹೊರಗೆ ಹೋಗುವುದಿಲ್ಲ. ಅದರಿಂದ ಅಂಕಿ ಅಕ್ಷರಗಳ ಒಂದು ಗುರುತು ತಯಾರಾಗುತ್ತದೆ, ಆ ಗುರುತು ಮಾತ್ರ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಂಥ ಸೇರಿಕೊಂಡಿರುವ ಕಂಪನಿಗಳು ಅದೇ ಗುರುತಿನ ಚಿತ್ರವನ್ನು ತಮ್ಮಲ್ಲಿ ತಡೆಯುತ್ತವೆ.

ವಿಡಿಯೋ ಅವನ ಕೆಲವು ಗೆಳೆಯರಿಗೆ ಹೋಯಿತು. ಒಬ್ಬ ಫೋನ್ ಮಾಡಿ ಆರಾಮಿದ್ದೀಯಾ ಎಂದು ಕೇಳಿದ. ಇನ್ನೊಬ್ಬ ತನಗೆ ಬಂದೇ ಇಲ್ಲ ಎಂಬಂತೆ ಇದ್ದುಬಿಟ್ಟ. ಚಿಕ್ಕಪ್ಪನಿಗೆ ಹೋಗಲೇ ಇಲ್ಲ. ಬ್ಲ್ಯಾಕ್‌ಮೇಲ್ ಮಾಡುವವರಿಗೆ ದುಡ್ಡು ಹುಟ್ಟದ ಕಡೆ ಸಮಯ ಹಾಳು ಮಾಡಲು ಪುರುಸೊತ್ತಿಲ್ಲ, ಮುಂದಿನವನನ್ನು ಹಿಡಿಯುತ್ತಾರೆ. ಅವರ ಬಂಡವಾಳ ಆ ವಿಡಿಯೋ ಅಲ್ಲವೇ ಅಲ್ಲ. ನಮ್ಮ ಮನೆಗಳಲ್ಲಿ ಮರ್ಯಾದೆಗೆ ನಾವು ಹೆದರುವ ಹೆದರಿಕೆ ಅವರ ಬಂಡವಾಳ. ಅದನ್ನು ಅವರಿಗೆ ಪುಕ್ಕಟೆ ಕೊಟ್ಟವರು ನಾವೇ.

ಈಗ ಹುಡುಗಿಯ ಮಾಮೂಲಿ ಫೋಟೋ ಕೊಟ್ಟರೆ ಬಟ್ಟೆ ತೆಗೆದ ಹಾಗೆ ಮಾಡಿಕೊಡುವ ಎಐ ಆ್ಯಪುಗಳು ಬಂದಿವೆ. 2023ರ ನವೆಂಬರಿನಲ್ಲಿ ರಶ್ಮಿಕಾ ಮಂದಣ್ಣ ಅವರ ಡೀಪ್‌ಫೇಕ್ ವಿಡಿಯೋ ಓಡಾಡಿದಾಗ ಸಿನಿಮಾದವರ ಸಮಸ್ಯೆ ಎಂದುಕೊಂಡಿದ್ದೆವು. ಇನ್ನು ಕ್ಲಾಸಿನ ಗ್ರೂಪ್ ಫೋಟೋ ಸಾಕು. ಹುಡುಗರಿಗೆ ಇದು ತಮಾಷೆ. 18ರ ಒಳಗಿನವರ ಇಂಥ ದೃಶ್ಯವನ್ನು ಇಟ್ಟುಕೊಳ್ಳುವುದೂ ನೋಡುವುದೂ ಅಪರಾಧವಾಗುತ್ತದೆ ಎಂದು 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕ್ಲಾಸ್‌ಮೇಟಿಗೂ ಹದಿನೆಂಟು ಆಗಿಲ್ಲ ಎನ್ನುವುದು ಫಾರ್ವರ್ಡ್ ಮಾಡುವವನ ತಲೆಗೆ ಹೋಗಿರುವುದಿಲ್ಲ.

ವಯಸ್ಸಿನ ವಿಷಯಕ್ಕೆ ಬಂದರೆ, ಆಸ್ಟ್ರೇಲಿಯಾ 2025ರ ಡಿಸೆಂಬರಿನಿಂದ 16ರ ಒಳಗಿನವರಿಗೆ ಸೋಶಿಯಲ್ ಮೀಡಿಯಾ ಬೇಡ ಎಂದಿದೆ. ನಮ್ಮಲ್ಲಿ ಇನ್‌ಸ್ಟಾಗ್ರಾಮ್ 2025ರ ಫೆಬ್ರವರಿಯಲ್ಲಿ ಹದಿಹರೆಯದವರ ಅಕೌಂಟ್ ಅಂತ ಬೇರೆ ಮಾಡಿತು. ತಾನಾಗಿ ಪ್ರೈವೇಟ್, ಗೊತ್ತಿಲ್ಲದವರು ಮೆಸೇಜ್ ಮಾಡುವ ಹಾಗಿಲ್ಲ. ಕೆಟ್ಟದ್ದಲ್ಲ. ಆದರೆ ಹುಟ್ಟಿದ ವರ್ಷ ಸರಿ ಹಾಕಿದವರಿಗೆ ಮಾತ್ರ ಅದು. ಆರನೇ ಕ್ಲಾಸಿನ ಮಗಳಿಗೆ ಅಪ್ಪನೇ ನನ್ನ ಎದುರು ಕೂತು 2000 ಅಂತ ಹಾಕಿ ಅಕೌಂಟ್ ಮಾಡಿಕೊಟ್ಟದ್ದನ್ನು ನೋಡಿದ್ದೇನೆ. "ಇಲ್ಲದಿದ್ರೆ ತೆಗೆದುಕೊಳ್ಳುದಿಲ್ಲ ಅದು" ಎಂದು ನನಗೇ ವಿವರಿಸಿದರು.

ಕಾಪುವಿನ ಹುಡುಗ ಬಂದು ಹೋದ ಮೇಲೆ ಅಂಗಡಿಯ ಗಾಜಿಗೆ ಒಂದು ಕಾಗದ ಅಂಟಿಸಿದೆ. "ಫೋಟೋ, ವಿಡಿಯೋ ಇಟ್ಟು ಯಾರಾದರೂ ಹೆದರಿಸುತ್ತಿದ್ದಾರಾ? ದುಡ್ಡು ಕೊಡಬೇಡಿ. 1930. ಮಕ್ಕಳಿಗೆ 1098. ಒಳಗೆ ಬಂದು ಕೇಳಬಹುದು." ಕೆಲವರು ಸಾಲದ ಜಾಹೀರಾತು ಎಂದುಕೊಂಡರು. ಹುಡುಗರು ಸಾಲಿನಲ್ಲಿ ನಿಂತಾಗ ಓದುತ್ತಾರೆ. ನಮ್ಮ ರಸ್ತೆಯ ಹಿರಿಯರೊಬ್ಬರಿಗೆ ಮಾತ್ರ ಅದು ಇಷ್ಟವಾಗಲಿಲ್ಲ.

"ಇಂಥದ್ದೆಲ್ಲ ಬರೆದು ಹಾಕಿದ್ರೆ ಇಲ್ಲದವ್ರಿಗೂ ಗೊತ್ತಾಗ್ತದೆ ಮಾರಾಯ. ನಮ್ಮ ಬದಿಯ ಮಕ್ಕಳು ಹಾಗಲ್ಲ" ಎಂದರು.

ಗೊತ್ತಿಲ್ಲದವರು ಯಾರೂ ಉಳಿದಿಲ್ಲ, ನೀವೊಬ್ಬರನ್ನು ಬಿಟ್ಟು, ಎಂದೆ. ಅವರಿಗೆ ಸಿಟ್ಟು ಬಂತು. ತೆಗೆಯದಿದ್ದರೆ ಇನ್ನು ಈ ಅಂಗಡಿಗೆ ಬರುವುದಿಲ್ಲ ಎಂದರು. ತೆಗೆಯುವುದಿಲ್ಲ ಎಂದೆ. ಪಹಣಿಯ ಪ್ರಿಂಟ್ ತೆಗೆದುಕೊಂಡು ಚಿಲ್ಲರೆಯನ್ನೂ ಬಿಟ್ಟು ಹೋದರು. ಮುಂದಿನ ಭಾನುವಾರವೇ ಮತ್ತೆ ಬಂದರು. ಭಾನುವಾರ ಈ ರಸ್ತೆಯಲ್ಲಿ ತೆರೆದಿರುವ ಝೆರಾಕ್ಸ್ ಅಂಗಡಿ ನನ್ನದೊಂದೇ.